ಘಟ್ಟದ ಮೇಲಿನ ಗೇಟಿನಿಂದ ತಮ್ಮ ‘ತಿಂಗಳ ಶ್ರೋತೃ’ ಬರೆದುಕೊಂಡದ್ದು

ಬಾನುಲಿ ಕೇಂದ್ರದ ಘನತೆವೆತ್ತ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಟವರ್ ನೆಟ್ಟಗೆ ನಿಂತಿದೆಯೆಂದೂ, ತಮ್ಮ ಪ್ರಸಾರ ಎಡೆಬಿಡದೆ ಸಾಗಿದೆಯೆಂದೂ ನನಗೆ ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ; ನಮ್ಮ ಇಲಾಖೆಯ ವೈರ್‌ಲೆಸ್ ಸೆಟ್ಟಿನ ಗುಂಡಿ ತಿರುಗಿಸಿದರೆ ಸಾಕು, ಎಲ್ಲ ಸಮಾಚಾರವೂ ತಿಳಿದುಬಿಡುತ್ತದೆ. ನನ್ನನ್ನು ‘ತಿಂಗಳ ಅಚ್ಚುಮೆಚ್ಚಿನ ಶ್ರೋತೃ’ ಎಂದು ಸಾರಿ ತಾವು ದಯಮಾಡಿ ಕಳುಹಿಸಿದ, ಬಣ್ಣದ ಅಂಚಿನ ಪ್ರಶಂಸಾಪತ್ರ ಮೊನ್ನೆ ಅಂಚೆಯಲ್ಲಿ ಕೈಸೇರಿತು. ಹತ್ತೊಂಬತ್ತು ವರ್ಷ ಒಂದೇ ಗೇಟನ್ನು ಎತ್ತಿ ಇಳಿಸಿದವನಿಗೆ ಇಲಾಖೆಯಿಂದ ಬಾರದ ಗೌರವ, ಹಾಡು ಕೇಳಿದ್ದಕ್ಕೆ ತಮ್ಮಿಂದ ಬಂದಿದೆ. ಅದಕ್ಕೆ ಕೃತಜ್ಞತೆ ಸಲ್ಲಿಸುವುದೂ, ಅದರ ಜೊತೆಗೆ ಒಂದೆರಡು ಸಣ್ಣಪುಟ್ಟ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳುವುದೂ ಈ ಬಹಿರಂಗ ಪತ್ರದ ಉದ್ದೇಶ. ಬಹಿರಂಗ ಏಕೆಂದರೆ, ಇದಕ್ಕೂ ಮೊದಲು ಲಕೋಟೆಗೆ ಹಾಕಿ ಅಂಟಿಸಿ ಕಳುಹಿಸಿದ ನಾಲ್ಕು ಪತ್ರಗಳಿಗೂ ತಮ್ಮ ಕಚೇರಿಯಿಂದ ಒಂದೇ ಉತ್ತರ ಬಂತು: ‘ಕೇಳುತ್ತಲೇ ಇರಿ.’

ನನ್ನ ಧ್ವನಿಯ ಪರಿಚಯ ತಮ್ಮ ಕೇಂದ್ರಕ್ಕೆ ಸಾಕಷ್ಟು ಇದೆ. ಕೆಲಸದ ಪರಿಚಯ ಇರಲಾರದು, ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಘಟ್ಟದ ರಸ್ತೆಯ ಉದ್ದ ಮೂರೂವರೆ ಕಿಲೋಮೀಟರ್, ತಿರುವುಗಳು ಮೇಲಿನಿಂದ ಎಣಿಸಿ ಹದಿನಾಲ್ಕು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ. ಅಗಲ ಒಂದು ಲಾರಿಗೆ ಸರಿಯಾಗಿದೆ. ಎದುರಿನಿಂದ ಎರಡನೆಯದು ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಬೇಕು, ಇಲ್ಲವೇ ಕೆಳಕ್ಕೆ ಹೋಗಬೇಕು. ಈ ಕಾರಣಕ್ಕೆ ಮೇಲೊಂದು ಗೇಟು, ಕೆಳಗೊಂದು ಗೇಟು ಇವೆ. ಮೇಲಿನದಕ್ಕೆ ನಾನು ಕಾವಲು, ಕೆಳಗಿನದಕ್ಕೆ ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವನವರು. ದಿನಕ್ಕೆ ಎಪ್ಪತ್ತೆಂಬತ್ತು ವಾಹನಗಳು ಹತ್ತಿ ಇಳಿಯುತ್ತವೆ, ಅವುಗಳಲ್ಲಿ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಇಳಿಯುವ ಬೇಕರಿಯ ವ್ಯಾನೂ ಒಂದು. ಅದನ್ನು ಓಡಿಸುವವಳು ನನ್ನ ಮಗಳು. ಮೂರು ವರ್ಷದಿಂದ ಓಡಿಸುತ್ತಿದ್ದಾಳೆ, ಚೆನ್ನಾಗಿ ಓಡಿಸುತ್ತಾಳೆ. ಅವಳು ಹೇಗೆ ಓಡಿಸುತ್ತಾಳೆ ಎಂಬುದರ ಮೇಲೆ ಈ ರಸ್ತೆಯಲ್ಲಿ ಅವಳ ಜೀವ ನಿಂತಿಲ್ಲ, ಗೇಟಿನವರು ಏನು ಹೇಳುತ್ತಾರೆ ಎಂಬುದರ ಮೇಲೆ ನಿಂತಿದೆ.

ಗೇಟಿನವರಾದ ನಮ್ಮಿಬ್ಬರ ಬಳಿ ಇರುವುದು ಒಂದು ಜೊತೆ ವೈರ್‌ಲೆಸ್ ಸೆಟ್ಟು ಮತ್ತು ಒಂದೇ ಒಂದು ನಿಯಮ. ಬಿಡುವ ಮುನ್ನ ಕೇಳು, ‘ದಾರಿ ಖಾಲಿ’ ಎಂದು ಆ ಕಡೆಯಿಂದ ಉತ್ತರ ಬಂದ ಮೇಲೆ ಎತ್ತು. ಈ ನಿಯಮಕ್ಕೆ ಭಾವನವರು ತಮ್ಮದೊಂದು ಬಾಲ ಸೇರಿಸಿದ್ದರು. ಹಿಂದೊಮ್ಮೆ ಅವಸರದ ಚಾಲಕನೊಬ್ಬ, ನಾನು ಗೇಟಿನ ಹಗ್ಗ ಬಿಗಿಯುತ್ತಿದ್ದಾಗ ಸೆಟ್ಟು ಎತ್ತಿಕೊಂಡು ತಾನೇ ‘ದಾರಿ ಖಾಲಿ’ ಎಂದುಬಿಟ್ಟಿದ್ದ. ಆವತ್ತಿನಿಂದ ನನ್ನ ಸ್ವಂತ ಧ್ವನಿ ಕಿವಿಗೆ ಬೀಳದೆ ಭಾವನವರು ಸಾಕ್ಷಾತ್ ಮಂತ್ರಿಗಳೇ ಬಂದು ನಿಂತರೂ ಗೇಟು ಎತ್ತುತ್ತಿರಲಿಲ್ಲ. ನಾನು ರಜೆ ಹಾಕಿ ಬದಲಿ ಕಾವಲುಗಾರ ಬಂದ ದಿನ ಕೆಳಗೆ ಲಾರಿಗಳ ಸಾಲು ಸೇತುವೆ ದಾಟುತ್ತಿತ್ತು. ಮಹಾ ಮೊಂಡರು ಎಂದು ಜನ ಬೈದರು, ನಾನೂ ಬೈದಿದ್ದೇನೆ.

ಇಂಥ ಬಡ ವ್ಯವಸ್ಥೆಯ ನೆತ್ತಿಯ ಮೇಲೆ, ಅಕ್ಷರಶಃ ಕೆಳಗಿನ ಗೇಟಿನ ಹಿಂದಿನ ಗುಡ್ಡದ ಮೇಲೆ, ತಮ್ಮ ಹೊಸ ಟವರ್ ಎದ್ದು ನಿಂತಿತು. ಉದ್ಘಾಟನೆಯ ದಿನ ತಾವು ಕತ್ತರಿಸಿದ್ದು ಬರೀ ರಿಬ್ಬನ್ನು ಎಂದು ತಾವು ತಿಳಿದಿದ್ದೀರಿ. ಮರುದಿನದಿಂದ ಭಾವನವರ ಸೆಟ್ಟಿನಲ್ಲಿ ನಾನು ಮಾಯವಾದೆ. ಅವರು ಮಾತಾಡಿದ್ದು ನನಗೆ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ನಾನು ಆಡಿದ್ದು ಅವರಿಗೆ ತಲುಪುವ ಮೊದಲೇ ಅಲ್ಲಿ ತಾವು ಕೂತಿರುತ್ತಿದ್ದಿರಿ. ಚಾನೆಲ್ ಬದಲಿಸಿ ನೋಡಿದೆವು, ಎಲ್ಲದರಲ್ಲೂ ತಾವೇ. ಆಂಟೆನಾ ಬಗ್ಗಿಸಿ ನೋಡಿದೆವು, ತಾವು ಇನ್ನಷ್ಟು ಸ್ಪಷ್ಟವಾದಿರಿ. ಮೊಬೈಲಿನ ಸಿಗ್ನಲ್ಲಿಗೆ ಆ ಕಣಿವೆಗೆ ಇಳಿಯುವ ಅಭ್ಯಾಸವಿಲ್ಲ, ಟೆಲಿಫೋನಿನ ತಂತಿ ನನ್ನ ಗೇಟಿನ ತನಕ ಬಂದು ಸುಸ್ತಾಗಿ ನಿಂತಿದೆ. ದೂರು ಕೊಟ್ಟಾಗ ತಮ್ಮ ಎಂಜಿನಿಯರ್ ಸಾಹೇಬರು ಸ್ವತಃ ದಯಮಾಡಿಸಿದರು. ಭಾವನವರ ಸೆಟ್ಟನ್ನು ಕಿವಿಗೆ ಹಿಡಿದು ಒಂದು ಹಾಡು ಪೂರ್ತಿ ಕೇಳಿ, ‘ರಿಸೆಪ್ಷನ್ ಸೂಪರಾಗಿದೆಯಲ್ರೀ’ ಎಂದು ಸಂತೋಷಪಟ್ಟು ಹೋದರು. ನಮ್ಮ ಇಲಾಖೆಯನ್ನು ಕೇಳಿದರೆ, ಸೆಟ್ಟು ಹಳೆಯದಿರಬಹುದು, ಟವರ್ ಹೊಸದಿರಬಹುದು, ಎರಡೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಭಾವನವರು ಸ್ವಭಾವತಃ ಮೌನಿಗಳು. ಹತ್ತು ಮಾತು ಕೇಳಿದರೆ ಒಂದು ‘ಹ್ಞೂಂ’ ಹೇಳುವ ಆ ಮನುಷ್ಯನ ಕಿವಿಯೊಳಕ್ಕೆ ತಾವು ದಿನವಿಡೀ ಸುರಿದದ್ದರ ಫಲ ಕಣ್ಣಿಗೆ ಕಾಣುವಂತಿದೆ. ಸೋಪು, ಸಿಮೆಂಟು, ಮೊಣಕಾಲಿನ ಎಣ್ಣೆ, ಎಲ್ಲದರ ಜಾಹೀರಾತುಗಳೂ ಈಗ ಅವರಿಗೆ ಬಾಯಿಪಾಠ. ಹೆಂಡತಿ ಊಟಕ್ಕೆ ಕರೆದರೆ ‘ಒಂದು ಪುಟ್ಟ ವಿರಾಮದ ನಂತರ’ ಎನ್ನುತ್ತಾರಂತೆ. ಸೆಟ್ಟು ಆರಿಸೋಣವೆಂದರೆ ಕರ್ತವ್ಯಲೋಪ, ಕೇಳೋಣವೆಂದರೆ ತಾವು.

ಆಗ ಹೊಳೆದ ಉಪಾಯವೇ ನನ್ನನ್ನು ತಮ್ಮ ಪ್ರಶಂಸಾಪತ್ರದವರೆಗೆ ತಂದದ್ದು. ಕೆಳಗಿನ ಗೇಟಿಗೆ ನಾನು ಕೇಳುವುದಿಲ್ಲ, ತಾವು ಕೇಳುತ್ತೀರಿ. ಹಾಗಿದ್ದರೆ ತಮ್ಮ ಬಾಯಿಂದಲೇ ಹೇಳಿಸಿದರಾಯಿತು. ನನ್ನ ಗೇಟಿನ ಫೋನಿನಿಂದ ತಮ್ಮ ಕೇಂದ್ರಕ್ಕೆ ಕರೆ ಮಾಡಿ, ಎರಡು ಲಾರಿ ಇಳಿಯುತ್ತಿವೆ, ದಯವಿಟ್ಟು ಪ್ರಸಾರದಲ್ಲಿ ಹೇಳಿ ಎಂದು ಬೇಡಿಕೊಂಡೆ. ಫೋನು ಎತ್ತಿದ ತಾಯಿ ಬಹಳ ಸೌಜನ್ಯದಿಂದ, ‘ಸಾರ್, ಟ್ರಾಫಿಕ್ ಮಾಹಿತಿಗೆ ಪ್ರಾಯೋಜಕರು ಬೇಕು. ಹಾಡು ಕೇಳೋದಾದ್ರೆ ಏನೂ ಬೇಡ’ ಎಂದರು. ಸರಿ, ಹಾಡು ಕೇಳಿದೆ. ಅಂದು ಸಂಜೆ ಭಾವನವರೂ ನಾನೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಲಾರಿ ಎಂದರೆ ದೊಡ್ಡಪ್ಪ, ಬಸ್ಸು ಎಂದರೆ ಅತ್ತೆ, ಕಾರು ಎಂದರೆ ಚಿಕ್ಕಪ್ಪ, ಮೋಟಾರ್ ಸೈಕಲ್ಲುಗಳು ಮೊಮ್ಮಕ್ಕಳು. ಬೇಕರಿಯ ವ್ಯಾನಿಗೆ ವೇಷ ಬೇಕಿರಲಿಲ್ಲ, ಅದು ‘ಮಗಳು’. ದಾರಿ ಖಾಲಿ ಇದ್ದರೆ ‘ಮನೆಯವರೆಲ್ಲ ಮನೆಯಲ್ಲೇ ಇದ್ದಾರೆ, ಯಾರೂ ಹೊರಟಿಲ್ಲ’ ಎನ್ನಬೇಕು. ಬೆಳಿಗ್ಗೆ ‘ಬಿಸಿ ಬಿಸಿ ಬೆಳಗು’, ಮಧ್ಯಾಹ್ನ ‘ನಿಮ್ಮ ಹಾಡು ನಮ್ಮ ಪಾಡು’. ಈ ಎರಡು ಕಾರ್ಯಕ್ರಮಗಳಿಗೆ ದಿನಕ್ಕೆ ಹನ್ನೆರಡು ಹದಿನೈದು ಸಲ ಕರೆ ಮಾಡಿ, ಇಬ್ಬರು ದೊಡ್ಡಪ್ಪಂದಿರು, ಒಬ್ಬ ಅತ್ತೆ ಮತ್ತು ನಾಲ್ಕು ಮೊಮ್ಮಕ್ಕಳಿಗೆ ಹಾಡು ಅರ್ಪಿಸುವುದು ನನ್ನ ಸರ್ಕಾರಿ ಕರ್ತವ್ಯವಾಯಿತು. ನನ್ನ ಧ್ವನಿ ತಮ್ಮ ಪ್ರಸಾರದಲ್ಲಿ ಹೊರಟು ಭಾವನವರ ಸೆಟ್ಟು ಸೇರುತ್ತಿತ್ತು, ಅವರ ಉತ್ತರ ವೈರ್‌ಲೆಸ್ಸಿನಲ್ಲಿ ನನಗೆ ಬರುತ್ತಿತ್ತು, ಗೇಟುಗಳು ಏಳುತ್ತಿದ್ದವು.

ಇಲ್ಲಿ ತಮ್ಮ ನಿರೂಪಕರನ್ನು ಹೊಗಳದೆ ಮುಂದೆ ಹೋದರೆ ನಾನು ಕೃತಘ್ನನಾಗುತ್ತೇನೆ. ತಮ್ಮನ್ನು ತಾವೇ ‘ಮಾತಿನ ಮಿಠಾಯಿ’ ಎಂದು ಕರೆದುಕೊಳ್ಳುವ ಆ ಯುವಕರು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಮಾತಾಡುತ್ತಾರೆ. ಉಸಿರನ್ನು ಬಹುಶಃ ಹನ್ನೊಂದರ ಮೇಲೆ ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ‘ಏನ್ ಸಾರ್, ನಿಮ್ದು ಸಂಸಾರನಾ ಸಂತೆನಾ’ ಎಂದು ನನ್ನನ್ನು ಕೇಳಿ ತಾವೇ ನಗುತ್ತಿದ್ದರು. ದಾರಿ ಖಾಲಿ ಎಂದು ಹೇಳಿದ ದಿನ ‘ಅಯ್ಯೋ, ಎಲ್ರೂ ಮನೇಲೇ ಇದ್ರೆ ಬೇಜಾರಾಗಲ್ವಾ ಸಾರ್’ ಎಂದು ಮರುಗುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಮನೆಯವರೆಲ್ಲ ಮನೆಯಲ್ಲೇ ಇರುವುದರಲ್ಲಿ ಎಷ್ಟು ಸುಖವಿದೆ ಎಂದು ಘಟ್ಟದ ರಸ್ತೆ ಕಾಯದವರಿಗೆ ಹೇಗೆ ತಿಳಿಯಬೇಕು. ಕ್ರಮೇಣ ಬೇರೆ ಊರುಗಳ ಶ್ರೋತೃಗಳು ನನ್ನ ದೊಡ್ಡಪ್ಪಂದಿರ ಆರೋಗ್ಯ ವಿಚಾರಿಸತೊಡಗಿದರು. ಒಬ್ಬ ಅಜ್ಜಿ, ಅಷ್ಟು ಮೊಮ್ಮಕ್ಕಳನ್ನು ದಿನಾ ಹೊರಗೆ ಕಳಿಸಬೇಡಿ, ದೃಷ್ಟಿಯಾದೀತು ಎಂದು ಪತ್ರವನ್ನೂ ಬರೆದರು. ಹೀಗೆ ಏಳು ವಾರ ನಡೆಯಿತು, ಒಂದು ಗಾಡಿಗೂ ಗೀರು ಬೀಳಲಿಲ್ಲ.

ಎಂಟನೆಯ ವಾರದ ಗುರುವಾರ ತಮ್ಮ ಮಿಠಾಯಿಯವರು ರಜೆ ಹಾಕಿದರು. ರಜೆ ಹಾಕಲಿ, ಅವರಿಗೂ ಗಂಟಲಿದೆ. ಆದರೆ ಅವರ ಜಾಗದಲ್ಲಿ ತಾವು ‘ತಿಂಗಳ ಅಚ್ಚುಮೆಚ್ಚಿನ ಕರೆಗಳು’ ಎಂದು ಹಳೆಯ ಕರೆಗಳನ್ನು ಧ್ವನಿಮುದ್ರಣದಿಂದ ತೆಗೆದು ಪ್ರಸಾರ ಮಾಡಿದಿರಿ. ಹಾಗೆ ಮಾಡುತ್ತೇವೆಂದು ಮೊದಲೇ ಘೋಷಿಸಿದ್ದೆವು ಎಂದು ತಮ್ಮ ಕಚೇರಿ ಹೇಳುತ್ತದೆ, ಘೋಷಿಸಿದ್ದು ನಿಜವಿರಬಹುದು. ಆ ಘೋಷಣೆಯ ಹೊತ್ತಿಗೆ ಕೆಳಗಿನ ಗೇಟಿನಲ್ಲಿ ಭಾವನವರು ಒಂದು ಬಸ್ಸಿನ ಚಾಲಕನೊಡನೆ ಜಗಳದಲ್ಲಿದ್ದರು, ನಾನು ಹೊರಗೆ ಗೇಟಿನ ಹಗ್ಗದ ಹತ್ತಿರ ಇದ್ದೆ.

ಎಂಟೂ ನಲವತ್ತಕ್ಕೆ ಮಗಳ ವ್ಯಾನು ನನ್ನ ಗೇಟಿಗೆ ಬಂತು. ಅದೇ ಕ್ಷಣಕ್ಕೆ ಭಾವನವರು ವೈರ್‌ಲೆಸ್ಸಿನಲ್ಲಿ, ಕೆಳಗೆ ಯಾರೂ ಇಲ್ಲ, ದಾರಿಯಲ್ಲೂ ಯಾರೂ ಇಲ್ಲ ಎಂದರು. ನನ್ನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ: ಹೇಳಿ ಬಿಡಬೇಕಾದವನು, ಬಿಟ್ಟು ಹೇಳೋಣ ಎಂದುಕೊಂಡೆ. ಬ್ರೆಡ್ಡು ತಡವಾದರೆ ಅವಳು ಅಂಗಡಿಯವರಿಂದ ಮಾತು ಕೇಳಬೇಕು, ಏಳು ವಾರದಲ್ಲಿ ಒಮ್ಮೆಯೂ ತಮ್ಮ ಫೋನು ಕೈಕೊಟ್ಟಿರಲಿಲ್ಲ, ಒಂದು ನಿಮಿಷದ ಮಾತು. ಗೇಟು ಎತ್ತಿದೆ, ಅವಳು ಇಳಿದಳು, ನಾನು ಫೋನು ತಿರುಗಿಸಿದೆ. ಅದು ಹೊಡೆದುಕೊಳ್ಳುತ್ತಲೇ ಇತ್ತು. ಧ್ವನಿಮುದ್ರಿತ ಕಾರ್ಯಕ್ರಮದ ದಿನ ಫೋನು ಎತ್ತಲು ಅಲ್ಲಿ ಯಾರೂ ಇರುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಫೋನು ಕಿವಿಯಲ್ಲಿರುವಾಗಲೇ, ಮೇಜಿನ ಮೇಲಿನ ನನ್ನ ಚಿಕ್ಕ ರೇಡಿಯೋದಲ್ಲಿ ನಾನು ಮಾತಾಡತೊಡಗಿದೆ. ಬಹಳ ಸಮಾಧಾನದಿಂದ, ಸ್ಪಷ್ಟವಾಗಿ, ‘ಮನೆಯವರೆಲ್ಲ ಮನೆಯಲ್ಲೇ ಇದ್ದಾರೆ, ಯಾರೂ ಹೊರಟಿಲ್ಲ’ ಎಂದೆ. ಅದು ಯಾವ ವಾರದ, ಯಾವ ಬೆಳಗಿನ ನಾನೋ ತಿಳಿಯದು. ಹಿಂದೆಯೇ ವೈರ್‌ಲೆಸ್ಸಿನಲ್ಲಿ ಭಾವನವರು, ‘ಸರಿ, ಈಗ ಕಲ್ಲಿನ ಲಾರಿ ಒಂದು ಬಂದಿದೆ, ಬಿಟ್ಟೆ’ ಎಂದರು. ನಾನು ಸೆಟ್ಟು ಹಿಡಿದು ಕೂಗಿದೆ. ಬಿಡಬೇಡಿ, ಮಗು ದಾರಿಯಲ್ಲಿದ್ದಾಳೆ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೆಳಗೆ ಅವರ ಸೆಟ್ಟಿನಲ್ಲಿ ನಾನು ಮಿಠಾಯಿಯವರ ಜೊತೆ ನಗುತ್ತಿದ್ದೆ, ಆಮೇಲೆ ಹಾಡು ಬಂತು. ಬೇರೆ ಯಾರ ಧ್ವನಿಯಾಗಿದ್ದರೂ ಆ ಮೊಂಡ ಮನುಷ್ಯ ಗೇಟು ಎತ್ತುತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಿದ್ದರು. ಅವರ ಕಾಲದಲ್ಲಿ ತಮ್ಮ ಕೇಂದ್ರ ಇರಲಿಲ್ಲ. ಆಡಿದ ಮಾತು ಹೋಗುವುದಿಲ್ಲ, ಅದನ್ನು ಡಬ್ಬಿಯಲ್ಲಿಟ್ಟು, ತಿಂಗಳು ಬಿಟ್ಟು, ಯಾರ ಮನೆ ಹಾಳಾಗುವ ಹೊತ್ತಿಗೋ ಸರಿಯಾಗಿ ತೆಗೆದು ಬಡಿಸಬಹುದು ಎಂದು ತೋರಿಸಿಕೊಟ್ಟ ಕೀರ್ತಿ ತಮ್ಮದು.

ಮುಂದೆ ಆದದ್ದನ್ನು ಲಾರಿಯ ಚಾಲಕ ಹೇಳಿದ್ದರಿಂದ ನನಗೆ ಗೊತ್ತು. ಒಂಬತ್ತನೆಯ ತಿರುವಿನ ಕೆಳಗೆ ಅವನಿಗೆ ಮೇಲಿನಿಂದ ಎಡೆಬಿಡದೆ ಹಾರ್ನ್ ಕೇಳಿಸಿತಂತೆ. ಬ್ರೇಕು ತುಳಿದು ನಿಲ್ಲಿಸಿದಾಗ ಎದುರಿಗೆ ವ್ಯಾನು ಹಿಂದಕ್ಕೆ ಹತ್ತುತ್ತಿತ್ತು. ತುಂಬಿದ ಲಾರಿ ಹಿಂದೆ ಸರಿಯುವ ಹಾಗಿಲ್ಲ, ಆದ್ದರಿಂದ ಅವಳೇ ಹಿಂದಕ್ಕೆ ಹೋಗಬೇಕು. ಎರಡು ತಿರುವು ಹಾಗೆಯೇ ಹತ್ತಿಸಿದ್ದಾಳೆ. ಮೂರನೆಯದರಲ್ಲಿ ಹಿಂದಿನ ಎಡಚಕ್ರ ರಸ್ತೆ ಬಿಟ್ಟಿತು. ಹಿಂಬಾಗಿಲು ತೆರೆದುಕೊಂಡು ಬ್ರೆಡ್ಡಿನ ಟ್ರೇಗಳು ಒಂದೊಂದಾಗಿ ಕಂದಕಕ್ಕೆ ಜಾರಿದವು. ಲಾರಿಯವನು ಸರಪಳಿ ತಂದು ವ್ಯಾನಿನ ಮುಂಭಾಗಕ್ಕೆ ಬಿಗಿಯುವ ತನಕ, ‘ಆಯಮ್ಮ ಬ್ರೇಕಿನ ಮೇಲಿಂದ ಕಾಲು ತೆಗೀಲಿಲ್ಲ ಸ್ವಾಮಿ, ಅಲ್ಲಾಡಲೂ ಇಲ್ಲ’ ಎಂದು ಅವನು ನನ್ನೆದುರು ಕೂತು ಹೇಳಿದ.

ಲಾರಿ ಕಾಣುವ ಮೊದಲೇ ಅವಳು ಹಾರ್ನ್ ಒತ್ತಿದ್ದು ಹೇಗೆ ಎಂದು ತಮಗೆ ಅನಿಸಬಹುದು. ವ್ಯಾನಿನಲ್ಲಿ ಅವಳೂ ತಮ್ಮ ಕೇಂದ್ರವನ್ನೇ ಕೇಳುತ್ತಿದ್ದಳು. ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರ ಒಪ್ಪಂದ ಅವಳಿಗೂ ಗೊತ್ತು. ಐದನೆಯ ತಿರುವಿನಲ್ಲಿ ತನ್ನ ಅಪ್ಪ ಊರಿಗೆಲ್ಲ ಕೇಳುವ ಹಾಗೆ, ಯಾರೂ ಹೊರಟಿಲ್ಲ ಎಂದು ಹೇಳಿದ್ದನ್ನು ಅವಳು ಕೇಳಿದಳು, ಅದರ ಅರ್ಥ ಕೆಳಗಿನ ಗೇಟು ಏಳುತ್ತದೆ ಎಂದು ಅವಳಿಗೆ ತಿಳಿಯಿತು. ತಿರುವಿನ ಮರೆಯಲ್ಲಿ ನಿಂತರೆ ಎದುರಿನವರಿಗೆ ಕಾಣಿಸುವುದಿಲ್ಲವೆಂದು, ನೇರವಾದ ಜಾಗ ಸಿಗುವ ತನಕ ಹಾರ್ನ್ ಒತ್ತುತ್ತಲೇ ನಿಧಾನವಾಗಿ ಇಳಿದಳು. ತಮ್ಮ ಕಾನೂನು ಸಲಹೆಗಾರರು ಇದೇ ಅಂಶವನ್ನು ಹಿಡಿದು, ‘ವಾಸ್ತವವಾಗಿ ನಮ್ಮ ಪ್ರಸಾರವೇ ತಮ್ಮ ಮಗಳ ಪ್ರಾಣ ಉಳಿಸಿದೆ’ ಎಂದು ಬರೆದಿದ್ದಾರೆ. ಅದಕ್ಕಾಗಿಯೂ ನಾನು ಋಣಿ. ಕಿಚ್ಚು ಹಚ್ಚಿದವನೇ, ನನ್ನ ಹೊಗೆ ಕಂಡು ತಾನೇ ನೀವು ಓಡಿ ಉಳಿದದ್ದು ಎಂದು ಕೂಲಿ ಕೇಳದಿದ್ದರೆ ಸಾಕು.

ಅವಳು ನಡೆದುಕೊಂಡು ಮೇಲಿನ ಗೇಟಿಗೆ ಬಂದಳು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ‘ಅಪ್ಪಾ, ನಾನು ದಾರೀಲಿದ್ದೀನಿ ಅಂತ ಮರೆತುಬಿಟ್ಯಾ?’ ಎಂದಳು, ಅಷ್ಟೇ. ಅದು ಹಳೆಯ ಕರೆ, ಮುದ್ರಣ, ನಾನಲ್ಲ ಎಂದು ವಿವರಿಸಿದೆ. ಗೊತ್ತಾಯಿತು ಎಂದು ತಲೆಯಾಡಿಸಿದಳು. ಆದರೆ ಮಾನ್ಯರೇ, ಐದನೆಯ ತಿರುವಿನಿಂದ ಎಂಟನೆಯ ತಿರುವಿನವರೆಗೆ, ತನ್ನ ಅಪ್ಪ ತನ್ನನ್ನು ಕಂದಕದ ಅಂಚಿಗೆ ಕಳಿಸಿ ಮರೆತಿದ್ದಾನೆ ಎಂದೇ ನಂಬಿ ಆ ಹುಡುಗಿ ಒಬ್ಬಳೇ ಗಾಡಿ ಓಡಿಸಿದ್ದಾಳೆ. ಆ ಮೂರು ತಿರುವುಗಳನ್ನು ಅವಳ ಮನಸ್ಸಿನಿಂದ ತೆಗೆಯುವ ವಿವರಣೆ ನನ್ನಲ್ಲಿ ಇಲ್ಲ. ನನಗೆ ಅದು ಸಂಕಟವಾಗಿದೆ, ಈ ಒಂದು ವಾಕ್ಯವನ್ನು ಮಾತ್ರ ನಾನು ವ್ಯಂಗ್ಯಕ್ಕೆ ಬರೆದದ್ದಲ್ಲ.

ಇಲಾಖೆ ಕೈಕಟ್ಟಿ ಕೂತಿದೆ ಎಂದು ತಾವು ಭಾವಿಸಬಾರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಭಾವನವರಿಗೆ ನೋಟಿಸು ಬಂದಿದೆ. ಕರ್ತವ್ಯದ ವೇಳೆ ಇಲಾಖೆಯ ಸೆಟ್ಟಿನಲ್ಲಿ ಚಿತ್ರಗೀತೆಗಳನ್ನು ಆಲಿಸಿದ್ದು ಏಕೆ ಎಂದು ಏಳು ದಿನಗಳೊಳಗೆ ಕಾರಣ ಕೊಡಬೇಕಂತೆ. ಅವರು ಕಾರಣ ಕೊಟ್ಟಿಲ್ಲ. ಸೋದರಸೊಸೆಯ ಮುಖ ನೋಡಲಾಗದೆ ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದ್ದಾರೆ. ಸದ್ಯ ನಾವಿಬ್ಬರೂ ಬಿಟ್ಟ ಸಾಲಿನ ಕೊನೆಯ ಗಾಡಿಯವನ ಕೈಗೆ ಚೀಟಿ ಕೊಟ್ಟು ಕಳಿಸಿ, ಅದು ತಲುಪಿದ ಮೇಲೆ ಗೇಟು ಎತ್ತುತ್ತಿದ್ದೇವೆ. ಎರಡೂ ಕಡೆ ಗಂಟೆಗಟ್ಟಲೆ ಕಾಯುವ ಚಾಲಕರು ನಮ್ಮ ವಂಶಾವಳಿಯನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಟವರನ್ನು ನಾಲ್ಕು ಗುಡ್ಡ ಆಚೆಗೆ ಸರಿಸಿ ಎಂದು ಕೇಳುವ ಉದ್ಧಟತನ ನನಗಿಲ್ಲ, ಗುಡ್ಡಗಳನ್ನು ಸರಿಸುವುದೇ ಸುಲಭವೆಂದು ತಮ್ಮ ಎಂಜಿನಿಯರ್ ಸಾಹೇಬರು ಈಗಾಗಲೇ ತಿಳಿಸಿದ್ದಾರೆ. ಹಾಗಿದ್ದರೆ ಗುಡ್ಡಗಳನ್ನೇ ಸರಿಸಿಕೊಡಿ, ರಸ್ತೆ ಅಗಲವಾಗುತ್ತದೆ. ಅದೂ ಆಗದಿದ್ದರೆ, ಇಷ್ಟು ದೊಡ್ಡ ಬಾಯಿ ಕಟ್ಟಿಸಿದವರು ಪಕ್ಕದಲ್ಲಿ ಒಂದು ಸಣ್ಣ ಕಿವಿಯನ್ನೂ ಕಟ್ಟಿಸಿ. ನಮ್ಮ ಹಳೆಯ ಸೆಟ್ಟು ಒಂದು ಮಾತಾಡಿದರೆ ಗುಂಡಿ ಬಿಟ್ಟು, ಆ ಕಡೆಯವನು ಏನು ಹೇಳುತ್ತಾನೆಂದು ಸುಮ್ಮನೆ ಕಾಯುತ್ತದೆ. ಅದನ್ನು ಕಲಿಸಿಕೊಡಲು ಭಾವನವರನ್ನು ತಮ್ಮ ಕೇಂದ್ರಕ್ಕೆ ಒಂದು ವಾರ ಎರವಲು ಕಳಿಸಬಲ್ಲೆ. ಯಾರದೇ ಹಳೆಯ ಧ್ವನಿಯನ್ನು ಮತ್ತೆ ಪ್ರಸಾರ ಮಾಡುವ ಮುನ್ನ, ಆ ಧ್ವನಿಯ ಯಜಮಾನನಿಗೆ ಫೋನು ಮಾಡಿ, ಸ್ವಾಮಿ, ತಾವು ಹೇಳಿದ್ದು ಇವತ್ತಿಗೂ ನಿಜವೇ ಎಂದು ಒಮ್ಮೆ ಕೇಳಿ. ಮತ್ತು ಮಿಠಾಯಿಯವರು ಮುಂದಿನ ಸಲ ರಜೆ ಹಾಕುವುದಾದರೆ ಒಂಬತ್ತನೆಯ ತಿರುವಿಗೆ ಬಂದು ಕುರ್ಚಿ ಹಾಕಿಕೊಂಡು ಕೂರಲಿ. ಅಲ್ಲಿ ಎರಡು ಗಾಡಿಗಳು ಎದುರುಬದುರಾದರೆ ಏನು ಮಾತಾಡಬೇಕೆಂದು ಅವರಿಗೆ ಖಂಡಿತ ತೋಚುತ್ತದೆ.

ಮಗಳು ಹತ್ತು ದಿನ ಬಿಟ್ಟು ಮತ್ತೆ ವ್ಯಾನು ಹಿಡಿದಳು. ಮೊದಲೆಲ್ಲ ಗೇಟು ಎದ್ದ ಕೂಡಲೇ ಕಿಟಕಿಯಿಂದ ಕೈಬೀಸಿ ಇಳಿದುಬಿಡುತ್ತಿದ್ದಳು, ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಅವಳಿಗಿರಲಿಲ್ಲ. ಈಗ ಗೇಟಿನ ಮುಂದೆ ಎಂಜಿನ್ ಆರಿಸುತ್ತಾಳೆ. ಇಳಿದು ನನ್ನ ಕೋಣೆಯ ಬಾಗಿಲಿಗೆ ಬಂದು, ನಾನು ತಲೆಯೆತ್ತುವ ತನಕ ನಿಲ್ಲುತ್ತಾಳೆ. ‘ಅಪ್ಪಾ, ನಾನು ಹೊರಟಿದ್ದೀನಿ. ನೆನಪಿರ್ಲಿ’ ಎನ್ನುತ್ತಾಳೆ. ನೆನಪಿದೆ ಮಗಳೇ ಎನ್ನುತ್ತೇನೆ. ದಿನಾ ಹೇಳುತ್ತೇನೆ, ಅವಳು ದಿನಾ ಕೇಳುತ್ತಾಳೆ.

ತಮ್ಮ ವಿಶ್ವಾಸಿ, ಆದರೆ ತಮ್ಮ ಪ್ರಸಾರದಲ್ಲಿ ಅಲ್ಲ,
ಮೇಲಿನ ಗೇಟಿನ ಕಾವಲುಗಾರ

ತಾ. ಕ.: ಕೇಂದ್ರದ ವಾರ್ಷಿಕೋತ್ಸವದ ಅಂಗವಾಗಿ ಬರುವ ಗುರುವಾರ ಬೆಳಿಗ್ಗೆ ತಾವು ಕುಟುಂಬ ಸಮೇತರಾಗಿ ಟವರ್ ನೋಡಲು ಬರುವಿರೆಂದು ಭಾವನವರ ವೈರ್‌ಲೆಸ್ಸಿನಿಂದ ತಿಳಿದು ಸಂತೋಷವಾಯಿತು. ಟವರಿಗೆ ಹೋಗಲು ಈ ಘಟ್ಟ ಇಳಿಯದೆ ಬೇರೆ ದಾರಿಯಿಲ್ಲ. ತಮ್ಮಂಥವರನ್ನು ಚೀಟಿಗಾಗಿ ಗಂಟೆಗಟ್ಟಲೆ ಕಾಯಿಸುವುದು ತರವಲ್ಲವಾದ್ದರಿಂದ ಗೇಟು ಎತ್ತಿಯೇ ಇಟ್ಟಿರುತ್ತೇನೆ. ಕೆಳಗಿನಿಂದ ಲಾರಿ ಬರುತ್ತಿದೆಯೇ ಎಂದು ನನ್ನನ್ನು ಕೇಳಬೇಡಿ, ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು, ತಮ್ಮ ಕೇಂದ್ರವನ್ನು ಹಾಕಿಕೊಂಡು, ಅದು ಹೇಳಿದ್ದನ್ನು ನಂಬಿ ಇಳಿಯಿರಿ.